ಲ್ಯಾಪ್‌ಟಾಪಿನ ಗಾದಿ

ಬಸ್ಸು ಕನಕಗಿರಿ ದಾಟುವಷ್ಟರಲ್ಲಿ ಹಸೀಬಾ ಮೂರನೇ ಸಲ ಮನಸ್ಸು ಬದಲಿಸಿದ್ದಳು. ತಾವರಗೇರಾದಲ್ಲಿ ಹತ್ತುವಾಗ ಒಂದು ಕಿಲೋದ, ಒಳಗೆ ಫ್ಯಾನೇ ಇಲ್ಲದ ಲ್ಯಾಪ್‌ಟಾಪು ಸಾಕು ಎಂದು ತೀರ್ಮಾನಿಸಿದ್ದಳು. ಊರ ಹೊರಗಿನ ಮೊದಲ ತಿರುವಿನಲ್ಲಿ, ಅದು ತನ್ನ ಕೆಲಸದ ಭಾರಕ್ಕೆ ಅರ್ಧ ತಾಸಿನಲ್ಲಿ ಬಿಸಿಯಾಗಿ ಎಮ್ಮೆಯ ಹಾಗೆ ಕೂತುಬಿಡುತ್ತದೆ ಎಂಬುದು ನೆನಪಾಗಿ, ಫ್ಯಾನಿರುವ ಒಂದೂವರೆ ಕಿಲೋದ್ದನ್ನು ಆರಿಸಿದಳು. ಈಗ ರಸ್ತೆಯ ಗುಂಡಿಗೆ ಬಸ್ಸು ಎತ್ತಿಹಾಕಿ ಕುತ್ತಿಗೆ ಚಳಕು ಹೊಡೆದದ್ದೇ ನೆಪವಾಗಿ ಮತ್ತೆ ಒಂದು ಕಿಲೋದ್ದಕ್ಕೆ ಮರಳಿದಳು. ಎರಡು ವಾರದಿಂದ ಇದೇ ಹಣೆಬರಹ. ಮೊಬೈಲಿನಲ್ಲಿ ಹನ್ನೊಂದು ಲ್ಯಾಪ್‌ಟಾಪುಗಳ ಪಟ್ಟಿ ಮಾಡಿದ್ದಳು: ತೂಕ, ರ‍್ಯಾಮು, ಬ್ಯಾಟರಿ, ಕೊನೆಯ ಸಾಲಿನಲ್ಲಿ ಫ್ಯಾನು ಉಂಟೋ ಇಲ್ಲವೋ. ಆ ಕೊನೆಯ ಸಾಲು ಯಾಕೆಂದು ಕೇಳಿದವರಿಗೆ ಸದ್ದು ಆಗಿಬರುವುದಿಲ್ಲ ಎಂದು ಹೇಳಿದ್ದಳು. ಹತ್ತಿ ಹಿಂಜುವ ಯಂತ್ರ ದಿನವಿಡೀ ಗಡಗಡಿಸುವ ಮನೆಯಲ್ಲಿ ಕೂತು ಕೆಲಸ ಮಾಡುವವಳಿಗೆ ಅಂಗೈಯಗಲದ ಫ್ಯಾನಿನ ಸದ್ದು ಆಗಿಬರುವುದಿಲ್ಲವಂತೆ. ಇಂಥ ಸುಳ್ಳನ್ನು ಜನ ನಂಬಿದ್ದೇ ಅವಳನ್ನು ರೇಗಿಸಿತ್ತು. ಪಕ್ಕದಲ್ಲಿ ಗಂಡ ತೌಸೀಫ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಅವನ ತೋಳಿನ ಮೇಲೆ ಒಂದೆಳೆ ಹತ್ತಿ ಅಂಟಿತ್ತು. ಆ ಮನೆಯಿಂದ ಹೊರಬಿದ್ದವರ ಮೈಮೇಲೆ ಎಲ್ಲಾದರೂ ಒಂದೆಳೆ ಇದ್ದೇ ಇರುತ್ತದೆ. ಹಸೀಬಾ ಅದನ್ನು ತೆಗೆದು ಕಿಟಕಿಯಾಚೆ ಬಿಟ್ಟಳು.

ಸೋಮವಾರದೊಳಗೆ ಲ್ಯಾಪ್‌ಟಾಪು ಬೇಕೇ ಬೇಕು, ಇವತ್ತು ಶನಿವಾರ. ಬೆಂಗಳೂರಿನ ಕಂಪನಿಯ ಟೀಮ್ ಲೀಡು ಬಹಳ ಮೆತ್ತಗೆ ಹೇಳಿದ್ದ: ಮನೆಯಿಂದಲೇ ಕೆಲಸ ಮಾಡಲು ಬಿಟ್ಟಿರುವುದು ವಿಶೇಷ ಅನುಕೂಲ, ಇನ್ನೊಂದು ಸಲ ಹೀಗೆ ನಡುವೆ ಕೈಕೊಟ್ಟರೆ ಆಫೀಸಿಗೆ ಬನ್ನಿ ಅನ್ನಬೇಕಾಗುತ್ತದೆ. ಅಂದರೆ ಕೆಲಸ ಬಿಡಿ ಎಂದೇ ಅರ್ಥ. ಹಸೀಬಾಗೆ ಬಿಡುವುದು ಬೇಕಿರಲಿಲ್ಲ. ಅವಳಿಗೆ ಈ ಕೆಲಸ ಇಷ್ಟ, ತಾವರಗೇರಾವೂ ಇಷ್ಟ, ಇವೆರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಇಷ್ಟ. ಆದರೆ ಎರಡು ವಾರದ ಹಿಂದೆ ಕಂಪನಿಯ ಗಿರಾಕಿಗಳ ಎದುರು, ಮೂರು ತಿಂಗಳ ದುಡಿಮೆಯನ್ನು ತೆರೆಯ ಮೇಲೆ ತೋರಿಸುತ್ತಿದ್ದಾಗ ಹಳೆಯ ಲ್ಯಾಪ್‌ಟಾಪು ಒಮ್ಮೆ ಹೂಂಕರಿಸಿ ಕಪ್ಪಾಗಿಬಿಟ್ಟಿತು. ಹತ್ತು ನಿಮಿಷ ಬಿಟ್ಟು ಫೋನಿನಿಂದ ಮಾತಾಡಿದಾಗ ಲೀಡೇ, ಪಾಪ, ಊರಲ್ಲಿ ಕರೆಂಟು ಹೋಗಿರಬೇಕು ಎಂದ. ಹೌದು ಎಂದುಬಿಟ್ಟಳು. ತಲೆಯ ಮೇಲೆ ಸೀಲಿಂಗ್ ಫ್ಯಾನು ಭರ‍್ರೆಂದು ತಿರುಗುತ್ತಿತ್ತು. ಬೆಂಗಳೂರಿನವರಿಗೆ ಊರುಗಳ ಬಗ್ಗೆ ಮೊದಲೇ ಇದ್ದ ಅಭಿಪ್ರಾಯಕ್ಕೆ ತಾನೂ ಒಂದು ಹಿಡಿ ಗೊಬ್ಬರ ಹಾಕಿದೆನಲ್ಲ ಎಂದು ಆಮೇಲೆ ಊಟ ಸೇರಲಿಲ್ಲ. ಲಾಲಬೀ, ಅವಳ ಅತ್ತೆ, ಎರಡು ಸಲ ತಟ್ಟೆ ನೋಡಿ, ಮೂರನೇ ಸಲ ತಾನೇ ರೊಟ್ಟಿ ಮುರಿದು ಸೊಸೆಯ ಬಾಯಿಗಿಟ್ಟಿದ್ದಳು.

ಸಮಸ್ಯೆಯಿದ್ದದ್ದೇ ಅಲ್ಲಿ. ಅತ್ತೆ ಮಾವ ಒಳ್ಳೆಯವರು. ಕೆಟ್ಟವರಾಗಿದ್ದರೆ ಯಲಬುರ್ಗಾದ ಮೇಷ್ಟ್ರ ಮಗಳಾದ ಹಸೀಬಾಗೆ ಜಗಳವಾಡುವುದು ಕಷ್ಟವಿರಲಿಲ್ಲ. ಮದುವೆಯಾಗಿ ಬರುವಾಗ, ಪಿಂಜಾರರ ಮನೆ, ಸೊಸೆ ಕಂಪ್ಯೂಟರ್ ಮುಂದೆ ಕೂತರೆ ಮಾತು ಬರುತ್ತದೆ ಎಂದು ತವರಿನ ಕಡೆಯವರು ಹೆದರಿಸಿದ್ದರು. ಬಂದು ನೋಡಿದರೆ ಮಾವ ಮಕ್ಬುಲಸಾಬ ಅವಳ ಮೀಟಿಂಗಿನ ಹೊತ್ತು ಕೇಳಿಕೊಂಡು ಯಂತ್ರ ನಿಲ್ಲಿಸುತ್ತಿದ್ದ. ಗಾದಿ ಕೊಳ್ಳಲು ಬಂದವರಿಗೆ ಬಾಯಿಗೆ ಬೆರಳಿಟ್ಟು ತೋರಿಸಿ, ಒಳಗೆ ಆಫೀಸು ನಡೆದೈತಿ ಎನ್ನುತ್ತಿದ್ದ. ಇನ್ನು ಲಾಲಬೀ. ಮದುವೆಯಾದ ಎರಡನೇ ವಾರ ಸೊಸೆ ಲ್ಯಾಪ್‌ಟಾಪನ್ನು ಬರಿಯ ಟ್ರಂಕಿನ ಮೇಲಿಟ್ಟುಕೊಂಡು ಕೂತದ್ದನ್ನು ನೋಡಿ, ಅದು ತನಗೇ ಆದ ಅವಮಾನವೆಂಬಂತೆ ಒಳಗೆ ಹೋಗಿದ್ದಳು. ಆ ಮನೆಯಲ್ಲಿ ಮರ್ಯಾದೆಯ ವಸ್ತು ಯಾವುದೂ ಬರಿನೆಲದ ಮೇಲೆ, ಬರಿಕಬ್ಬಿಣದ ಮೇಲೆ ಕೂರುವಂತಿರಲಿಲ್ಲ. ಬಂದ ಬೀಗರಿಗೆ ಗಾದಿ, ಹೊಸ ಹೊಲಿಗೆ ಯಂತ್ರಕ್ಕೆ ಗಾದಿ, ತೌಸೀಫ ಮೊದಲ ಸಂಬಳದಲ್ಲಿ ತಂದ ಟಿವಿಯ ಕೆಳಗೂ ಜರಿಯಂಚಿನ ಗಾದಿ. ಮರುದಿನ ಬೆಳಿಗ್ಗೆ ಎಳೆ ಹಸಿರು ಮಖಮಲ್ಲಿನ, ನಾಲ್ಕು ಮೂಲೆಗೆ ಗೊಂಡೆ ಕಟ್ಟಿದ, ಲ್ಯಾಪ್‌ಟಾಪಿನಷ್ಟೇ ಉದ್ದಗಲದ ಒಂದು ಗಾದಿ ಟ್ರಂಕಿನ ಮೇಲೆ ಕೂತಿತ್ತು. ಒಳ್ಳೆಯ ಅರಳೆ ಹಾಕಿದ್ದೇನೆ, ಮಾರುವ ಮಾಲಿಗೆ ಇದನ್ನು ಹಾಕುವುದಿಲ್ಲ ಎಂದು ಲಾಲಬೀ ಹೇಳಿದಾಗ ಹಸೀಬಾ ಅದರ ಮೇಲೆ ಕೈಯಾಡಿಸಿ, ಭಾಳ ಛಲೋ ಆಗೇತ್ರಿ ಅಂದಿದ್ದಳು. ಅಂದದ್ದು ನಿಜವೇ. ಅಷ್ಟು ಚಂದದ ಗಾದಿಯನ್ನು ಅವಳು ಅದುವರೆಗೆ ನೋಡಿರಲಿಲ್ಲ.

ಮತ್ತು ಅದೇ ಕ್ಷಣದಲ್ಲಿ ಅವಳಿಗೆ ಗೊತ್ತಿತ್ತು. ಲ್ಯಾಪ್‌ಟಾಪು ಅಡಿಯ ತೂತುಗಳಿಂದ ಗಾಳಿ ಎಳೆಯುತ್ತದೆ, ಮೆತ್ತಗಿನದರ ಮೇಲಿಟ್ಟರೆ ಅವು ಮುಚ್ಚಿಹೋಗುತ್ತವೆ, ಮುಚ್ಚಿದರೆ ಒಳಗೇ ಬೇಯುತ್ತದೆ: ಕಾಲೇಜು ಹುಡುಗರಿಗೂ ಗೊತ್ತಿರುವ ಸಂಗತಿ. ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆ ಪಕ್ಕದ ಮನೆಯ ಗುರುಲಿಂಗಮ್ಮನನ್ನು ಕರೆತಂದು ಲಾಲಬೀ ಗಾದಿ ತೋರಿಸಿದಳು. ನಾಡಿದ್ದು ಹಬ್ಬ. ಒಂದು ತಿಂಗಳು ಕಳೆದ ಮೇಲೆ ಹೇಳಿದರೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆಯೂ ಜೊತೆಗೆ ಬರುವುದಿತ್ತು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಲಾಲಬೀ ಒಮ್ಮೆ ಕುಷ್ಟಗಿಗೆ ಮದುವೆಗೆಂದು ಹೋದ ಎರಡು ದಿನ ಹಸೀಬಾ ಲ್ಯಾಪ್‌ಟಾಪನ್ನು ಅಡುಗೆಮನೆಯ ಮಣೆಯ ಮೇಲಿಟ್ಟು ಕೆಲಸ ಮಾಡಿದ್ದಳು. ಅದು ತಣ್ಣಗೆ, ಉಸಿರೆತ್ತದೆ ನಡೆದಿತ್ತು. ಮೂರನೇ ದಿನ ಬಸ್ಸಿಳಿದ ಅತ್ತೆಯ ದನಿ ಓಣಿಯಲ್ಲಿ ಕೇಳಿದ್ದೇ ತಡ, ಕಳ್ಳಿಯ ಹಾಗೆ ಮಣೆ ಒಳಗಿಟ್ಟು ಗಾದಿ ಹಾಸಿದ್ದಳು. ಆಮೇಲೆ ಒಂದೂವರೆ ವರ್ಷ ಫ್ಯಾನು ದಿನಾ ಕೂಗಿತು. ಗಾದಿ ಬರಬರುತ್ತ ಎತ್ತರವಾಗುತ್ತಿದೆಯೇನೋ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಮೊಣಕೈ ಮೊದಲಿನ ಮಟ್ಟಕ್ಕೆ ಕೂರುತ್ತಿರಲಿಲ್ಲ. ಬಿಸಿಗೆ ಹತ್ತಿ ಉಬ್ಬಿರಬೇಕು ಎಂದು ಓದಿದವಳ ತರ್ಕದಿಂದ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಗಂಗಾವತಿಯಲ್ಲಿ ಇಳಿದಾಗ ಹನ್ನೊಂದೂವರೆ. ವಿರುಪಾಕ್ಷಿಯ ಕಂಪ್ಯೂಟರ್ ಅಂಗಡಿ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ. ಹೊಸದು ಮಾರುವವನೂ ಅವನೇ, ಹಳೆಯದನ್ನು ಬಿಚ್ಚುವವನೂ ಅವನೇ. ಎರಡು ವಾರದ ಹಿಂದೆ ಸತ್ತ ಲ್ಯಾಪ್‌ಟಾಪು ತಂದಾಗ, ತೌಸೀಫ ಚಹಾ ತರಲು ಹೋಗಿದ್ದ ಹೊತ್ತಿನಲ್ಲಿ, ಅವನು ತಳದ ಮುಚ್ಚಳ ತೆಗೆದು ಚಿಮಟದಲ್ಲಿ ಒಂದು ಬೆರಳುದ್ದ ಹತ್ತಿ ಎಳೆದಿದ್ದ, ಅದರ ಹಿಂದೆ ಇನ್ನೊಂದು. ಮೇಡಮ್ಮಾರ, ಇದನ್ನ ಹಾಸಿಗಿ ಮ್ಯಾಲ ಇಟ್ಟು ನಡಸೀರೇನ್ರಿ, ಉಸಿರು ಕಟ್ಟಿ ಹೋಗೈತಿ ಎಂದಿದ್ದ. ಹಸೀಬಾ ದನಿ ತಗ್ಗಿಸಿ, ನಮ್ಮ ಮನೆಯವರ ಮುಂದೆ ಇದನ್ನು ಹೇಳಬೇಡಿ ಎಂದು ಕೇಳಿಕೊಂಡಿದ್ದಳು. ಅವನು ಹುಬ್ಬೇರಿಸಿ, ಏನೋ ಬೇರೆಯೇ ಸಂಗತಿ ಇರಬೇಕೆಂಬಂತೆ ತಲೆಯಾಡಿಸಿದ್ದ. ಪರಪುರುಷನೊಬ್ಬನ ಜೊತೆ ತನ್ನದೊಂದು ಗುಟ್ಟು ಇದೆ, ಆ ಗುಟ್ಟು ಒಂದು ಗಾದಿಯ ಬಗ್ಗೆ ಎಂಬುದು ನೆನಪಾದಾಗಲೆಲ್ಲ ಅವಳಿಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಚಹಾ ತಂದ ತೌಸೀಫನಿಗೆ, ಅದಕ್ಕೆ ವಯಸ್ಸಾಗಿತ್ತಂತೆ ಎಂದಿದ್ದಳು. ಅವನು ಪಾಪ ಎಂದಿದ್ದ, ಯಾರೋ ಹಿರಿಯರು ತೀರಿಕೊಂಡರು ಎಂಬ ಹಾಗೆ.

ಇವತ್ತು ವಿರುಪಾಕ್ಷಿ ಮಾತೆಲ್ಲ ತೌಸೀಫನ ಜೊತೆಗೇ ಆಡಿದ. ಕೋಡ್ ಬರೆಯುವವಳು ಎದುರಿಗೇ ಕೂತಿದ್ದರೂ, ಅವಳು ಅಲ್ಲಿಲ್ಲವೆಂಬಂತೆ, ಮೇಡಮ್ಮಾರಿಗೆ ಏನೇನ್ ಕೆಲಸ ಇರತೈತ್ರಿ ಎಂದು ಗಂಡನನ್ನು ಕೇಳಿದ. ತೌಸೀಫ ಹೆಮ್ಮೆಯಿಂದ, ಭಾಳ ದೊಡ್ಡ ಕೆಲಸರಿ ಎಂದ. ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿರಲಿಲ್ಲ. ಹಸೀಬಾ ನಡುವೆ ಬಾಯಿ ಹಾಕಿ ಹದಿನಾರು ಜಿಬಿ, ಒಂದು ಕಿಲೋ ಒಳಗೆ, ಫ್ಯಾನು ಇರಬಾರದು ಎಂದಳು. ವಿರುಪಾಕ್ಷಿ ಒಂದು ಕಿಲೋದ್ದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ. ತೌಸೀಫ ಅದನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿದ, ಹತ್ತಿಯ ಚೀಲ ಅಳೆಯುವ ಅಭ್ಯಾಸ. ಒಂಬೈನೂರ ಅರವತ್ತು ಗ್ರಾಮ್ ಇರಬೇಕು ಎಂದ. ಡಬ್ಬಿಯ ಮೇಲೆ ಒಂಬೈನೂರ ಎಪ್ಪತ್ತು ಅಂತಿತ್ತು. ಅಂಗಡಿಯವನು ಬೆರಗಾಗಿ ಅವನಿಗೆ ಕುರ್ಚಿ ಹಾಕಿದ. ತೌಸೀಫ ಕೂತು, ಇದ ಕೊಡ್ರಿ, ಇವರಿಗೆ ಆರು ತಿಂಗಳಿಂದ ಕುತ್ತಿಗೆ ನೋವು, ಬೆಳಿಗ್ಗೆ ಎದ್ದರೆ ತಲೆ ತಿರುಗಿಸಲು ಆಗುವುದಿಲ್ಲ, ಹಳೆಯದು ಎರಡೂವರೆ ಕಿಲೋ ಇತ್ತು, ಅದನ್ನು ಹೊತ್ತೂ ಹೊತ್ತೂ ಹೀಗಾಗಿದೆ ಎಂದು ವಿವರಿಸಿದ. ಮನೆಯಲ್ಲಿ ಎಲ್ಲರಿಗೂ ಹಸೀಬಾ ಹೇಳಿದ್ದೂ ಅದನ್ನೇ. ಆದರೆ ಹಳೆಯ ಲ್ಯಾಪ್‌ಟಾಪು ಟ್ರಂಕಿನ ಮೇಲಿಂದ ಅಲ್ಲಾಡಿದ್ದೇ ಅಪರೂಪ. ಯಾರೂ ಅದನ್ನು ಹೊತ್ತಿರಲಿಲ್ಲ.

ವಿರುಪಾಕ್ಷಿ ಆಗ ಮೊದಲ ಬಾರಿಗೆ ಅವಳ ಕಡೆಗೇ ತಿರುಗಿದ. ನಿಮ್ಮ ಕೆಲಸಕ್ಕೆ ಇದು ಜಗ್ಗುವುದಿಲ್ಲ, ದೊಡ್ಡ ಪ್ರೋಗ್ರಾಂ ಹಚ್ಚಿದರೆ ಮಂದ ಆಗುತ್ತದೆ, ವರ್ಷದೊಳಗೆ ನನ್ನನ್ನೇ ಬೈತೀರಿ ಎಂದ. ಒಂದೂವರೆ ಕಿಲೋದ್ದನ್ನು ಮುಂದೆ ಸರಿಸಿದ. ನಿಧಾನವಾಗಿ, ಒಂದೊಂದೇ ಮಾತು ಇಟ್ಟು ಹೇಳಿದ.

“ಇದ ನಿಮಗ ಬೇಕಾಗಿದ್ದು. ಗಟ್ಟಿ ಮ್ಯಾಲ ಇಟ್ಟು ನಡಸ್ರಿ, ಅಷ್ಟ ಮಾಡ್ರಿ. ಐದು ವರ್ಷ ಏನೂ ಆಗೂದಿಲ್ಲ.”

ಗಟ್ಟಿ ಮ್ಯಾಲ ಎಂಬುದಕ್ಕೆ ತೌಸೀಫ ತಲೆಯೆತ್ತಿದ. ಹಸೀಬಾ ದೃಷ್ಟಿ ತಪ್ಪಿಸಿದಳು. ಅಷ್ಟ ಮಾಡ್ರಿ ಅಂತೆ. ಅದೊಂದನ್ನು ಮಾಡಲಾಗದೆ ತಾನೆ ಎರಡು ವಾರದಿಂದ ಹನ್ನೊಂದು ಲ್ಯಾಪ್‌ಟಾಪುಗಳ ಜಾತಕ ಕೂಡಿಸುತ್ತ ಕೂತದ್ದು. ಅವಳಿಗೆ ಫ್ಯಾನಿಲ್ಲದ್ದು ಬೇಕಿದ್ದದ್ದು ಸದ್ದಿಗಲ್ಲ, ಹಗುರವಾದದ್ದು ಬೇಕಿದ್ದದ್ದು ಕುತ್ತಿಗೆಗಲ್ಲ. ಅಡಿಯಲ್ಲಿ ತೂತೇ ಇರದ, ಮಖಮಲ್ಲಿನ ಮೇಲೆ ಕೂರಿಸಿದರೂ ಬದುಕಿಕೊಳ್ಳಬಹುದಾದ ಯಾವುದೋ ಒಂದು ಯಂತ್ರವನ್ನು ಅವಳು ಜಗತ್ತಿನಲ್ಲೆಲ್ಲ ಹುಡುಕುತ್ತಿದ್ದಳು. ಅತ್ತೆಗೆ ಒಂದು ಮಾತು ಹೇಳುವುದಕ್ಕಿಂತ ಅದು ಸುಲಭ ಎಂದುಕೊಂಡಿದ್ದಳು. ಸಾವಿರಾರು ಸಾಲುಗಳ ಕೋಡಿನಲ್ಲಿ ತಪ್ಪು ಎಲ್ಲಿದೆ ಎಂದು ಹತ್ತು ಜನರ ಮುಂದೆ ಬೆರಳಿಟ್ಟು ತೋರಿಸುವ ಹೆಂಗಸು. ಥೂ ಅನಿಸಿತು. ಸಿಟ್ಟು ಬಂದದ್ದು ತನ್ನ ಮೇಲೆ, ಬಿದ್ದದ್ದು ವಿರುಪಾಕ್ಷಿಯ ಮೇಲೆ. ಗಿರಾಕಿಗೆ ಬೇಕಾದ್ದನ್ನು ಕೊಡುವುದು ಬಿಟ್ಟು ಉಪದೇಶ ಯಾಕೆ ಎಂದುಬಿಟ್ಟಳು. ಅವನು ಮುಖ ಚಿಕ್ಕದು ಮಾಡಿಕೊಂಡು ಎರಡನ್ನೂ ಡಬ್ಬಿಗೆ ಹಾಕಿದ. ತೌಸೀಫನೇ ಸಮಾಧಾನಕ್ಕೆ ಬಂದು, ಮನೆಯಲ್ಲಿ ವಿಚಾರ ಮಾಡಿ ಹೇಳುತ್ತೇವೆ ಎಂದ. ನಾಲ್ಕರೊಳಗೆ ಹೇಳಿದರೆ ಐದರ ಬಸ್ಸಿನಲ್ಲಿ ಕಂಡಕ್ಟರ್ ಕೈಲಿ ಕೊಟ್ಟು ಕಳಿಸುತ್ತೇನೆ, ಎರಡು ವರ್ಷದ ಗಿರಾಕಿ ನೀವು, ರೊಕ್ಕ ಆಮೇಲೆ ಹಾಕಿ ಎಂದ ವಿರುಪಾಕ್ಷಿ. ಅವಳನ್ನು ನೋಡದೆ ಹೇಳಿದ.

ತಿರುಗಿ ಹೊರಟರು. ಕಾಲುವೆಯ ಹಸಿರು ಮುಗಿದು ಕೆಂಪು ಹೊಲಗಳು ಶುರುವಾಗುವವರೆಗೂ ತೌಸೀಫ ಬೆರಳಿನ ಮೇಲೆ ಏನೋ ಎಣಿಸುತ್ತಿದ್ದ. ಆಮೇಲೆ, ಅವ್ವ ಆಗಲೇ ಹೊಸ ಗಾದಿಗೆ ಬಟ್ಟೆ ತಂದಿಟ್ಟುಕೊಂಡು ಕೂತಿದ್ದಾಳೆ, ಯಾವುದೆಂದು ಬೇಗ ಹೇಳಿಬಿಡು, ಅಳತೆ ಸಿಗದೆ ಅವಳಿಗೆ ನಿದ್ದೆ ಇಲ್ಲ ಎಂದ. ನಗುತ್ತಲೇ ಹೇಳಿದ. ಹಸೀಬಾ ಕಿಟಕಿಯ ಕಡೆ ತಿರುಗಲು ಹೋಗಿ, ಕುತ್ತಿಗೆ ಬಾರದೆ, ಇಡೀ ಮೈಯನ್ನೇ ತಿರುಗಿಸಿ ಕೂತಳು.

ಮನೆ ಮುಟ್ಟಿದಾಗ ಮೂರೂವರೆ. ಹಿಂಜುವ ಯಂತ್ರ ನಿಂತಿತ್ತು. ಮಕ್ಬುಲಸಾಬ ಗಾದಿ ಮುಟ್ಟಿಸಲು ಹೋಗಿದ್ದ, ತೌಸೀಫ ಅಂಗಡಿಯ ಬಾಗಿಲಲ್ಲೇ ಯಾರದೋ ಮಾತಿಗೆ ನಿಂತ. ಒಳಗೆ ಲಾಲಬೀ ಒಬ್ಬಳೇ, ಸುತ್ತ ಕೇಸರಿ ಬಣ್ಣದ ಮಖಮಲ್ಲು ಹರಡಿಕೊಂಡು, ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು, ಕೈಯಲ್ಲಿ ಕತ್ತರಿ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಹಳೆಯ ಹಸಿರು ಗಾದಿಯಿತ್ತು. ನಡುವೆ, ಲ್ಯಾಪ್‌ಟಾಪು ಕೂರುತ್ತಿದ್ದ ಕಡೆ, ಮಖಮಲ್ಲು ಕಂದಿ ರೊಟ್ಟಿಯ ಮೈಯ ಹಾಗೆ ಕಲೆ ಬಿದ್ದಿತ್ತು. ಬಂದ್ಯಾ ಯವ್ವಾ, ಉದ್ದಗಲ ಹೇಳು ಎಂದಳು. ಹಸೀಬಾ ಅತ್ತೀ ಅಂದಳು. ಮುಂದಿನ ಮಾತಿಗೆ ಕಾಯದೆ ಲಾಲಬೀ ಹಳೆಯ ಗಾದಿಯನ್ನು ಎತ್ತಿ ಅವಳ ಕೈಗಿಟ್ಟಳು. ಅದು ಭಾರವಾಗಿತ್ತು, ಎರಡು ಗಾದಿಯಷ್ಟು.

“ಇದು ಭಾಳ ಸುಡತಿತ್ತವಾ. ನೀ ಉಣ್ಣಾಕ ಎದ್ದಾಗ ಮುಟ್ಟಿ ನೋಡತಿದ್ದೆ, ಕೆಂಡ ಆಗಿರತಿತ್ತು. ಟ್ರಂಕೂ ಕಾದು ನಿನ್ನ ಮೊಣಕಾಲು ಸುಟ್ಟಾವು ಅಂತ ತಿಂಗಳಾ ಒಂದೀಟು ಅರಳಿ ತುಂಬತಿದ್ದೆ. ಈ ಸಲ ಮೊದಲಿಗೇ ಎರಡು ಪದರ ಹಾಕೇ ಹೊಲೀತೀನಿ.”

ಹಸೀಬಾಗೆ ಒಂದು ಕ್ಷಣ ಜೋರಾಗಿ ನಗಬೇಕು ಅನಿಸಿತು, ಮರುಕ್ಷಣ ಆ ಗಾದಿಯನ್ನು ಗೋಡೆಗೆ ಬೀಸಿ ಒಗೆಯಬೇಕು ಅನಿಸಿತು. ಹತ್ತಿ ಉಬ್ಬಿದ್ದಲ್ಲ. ಬಿಸಿಯಾಗಿದೆ ಎಂದು ಇವಳು ಹತ್ತಿ ತುಂಬಿದಳು, ಹತ್ತಿ ತುಂಬಿದ್ದಕ್ಕೆ ಅದು ಇನ್ನಷ್ಟು ಬಿಸಿಯಾಯಿತು, ಇನ್ನಷ್ಟು ಬಿಸಿಯಾಗಿದೆ ಎಂದು ಇವಳು ಇನ್ನಷ್ಟು ತುಂಬಿದಳು. ಒಂದೂವರೆ ವರ್ಷ ಒಂದೇ ಕೋಣೆಯಲ್ಲಿ ಇಬ್ಬರೂ ಆ ಬಿಸಿಯನ್ನು ಮುಟ್ಟುತ್ತ, ಒಬ್ಬರಿಗೊಬ್ಬರು ನೋವಾಗದಿರಲಿ ಎಂದು ಬಾಯಿ ಹೊಲಿದುಕೊಂಡು ಕೂತಿದ್ದರು. ಸಾಕಾಗಿಹೋಯಿತು. ಅವಳು ಗಾದಿಯನ್ನು ನೆಲದ ಮೇಲಿಟ್ಟು, ಎದುರು ಕೂತು, ಒಂದೇ ಉಸಿರಿಗೆ ಹೇಳಿದಳು: ಲ್ಯಾಪ್‌ಟಾಪು ಕೆಳಗಿನಿಂದ ಉಸಿರಾಡುತ್ತದೆ, ಮೆತ್ತಗಿನದರ ಮೇಲಿಟ್ಟರೆ ಅದರ ಉಸಿರು ಕಟ್ಟುತ್ತದೆ, ಅದು ವಯಸ್ಸಾಗಿ ಸತ್ತದ್ದಲ್ಲ, ಈ ಗಾದಿಯಿಂದ ಸತ್ತದ್ದು.

ಲಾಲಬೀಯ ಕೈಯಲ್ಲಿ ಕತ್ತರಿ ಹಾಗೇ ನಿಂತಿತು. ಕಂದಿದ ಕಲೆಯ ಮೇಲೆ ಬೆರಳಾಡಿಸಿದಳು. ಇದು ನಿನಗ ಯಾವಾಗ ಗೊತ್ತಾತು ಎಂದು ಕೇಳಿದಳು. ಅಂಗಡಿಯವನು ಹೇಳಿದ ಅನ್ನಬಹುದಿತ್ತು. ಆ ಸುಳ್ಳು ತಯಾರಾಗಿಯೇ ಇತ್ತು, ಅದರಿಂದ ಯಾರಿಗೂ ನಷ್ಟವಿರಲಿಲ್ಲ.

“ಮೊದಲನೇ ದಿನಾನ ಗೊತ್ತಿತ್ರಿ” ಎಂದಳು ಹಸೀಬಾ.

ಲಾಲಬೀ ಕತ್ತರಿ ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡಿದ್ದಳು ಹಸೀಬಾ, ಅಳುತ್ತಾಳೆ ಎಂದು ಹೆದರಿದ್ದಳು. ಎರಡೂ ಆಗಲಿಲ್ಲ. ಅತ್ತೆಯ ಮುಖದಲ್ಲಿ ಏನೋ ಲೆಕ್ಕ ತಪ್ಪಿದವರ ಗಾಬರಿಯಿತ್ತು. ಗೋಡೆಗೆ ಒಟ್ಟಿದ್ದ ಗಾದಿಗಳ ಸಾಲನ್ನು, ಬಾಗಿಲಾಚೆ ಓಣಿಯನ್ನು, ಆ ಓಣಿಯ ಮನೆಮನೆಯಲ್ಲೂ ಹಾಸಿರುವ ತನ್ನ ಹೊಲಿಗೆಯನ್ನು ಒಟ್ಟಿಗೇ ನೋಡಿದವಳಂತೆ ಕಣ್ಣಾಡಿಸಿದಳು.

“ನಲವತ್ತು ವರ್ಷ ಆತು ಗಾದಿ ಹೊಲಿಯಾಕ ಹತ್ತಿ. ಒಬ್ಬರೂ ಕೆಟ್ಟ ಆಗೈತಿ ಅಂದಿಲ್ಲ. ನಾನು ಛಲೋ ಹೊಲೀತೀನಿ ಅಂದ್ಕೊಂಡಿದ್ದೆ. ಹಂಗಾರ ಎಲ್ಲಾರೂ ನಿನ್ನಂಗ ಸುಮ್ಮನ ಇದ್ರೇನು?”

ಇಲ್ಲ ಅತ್ತಿ, ಹಂಗೇನಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಅದು ಬಂದ ವೇಗ ನೋಡಿ ಅವಳಿಗೇ ಅಸಹ್ಯವಾಯಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ವಿರುಪಾಕ್ಷಿ. ನಾಲ್ಕಾಗುತ್ತ ಬಂತು, ಯಾವುದನ್ನು ಬಸ್ಸಿಗೆ ಕೊಡಲಿ ಎಂದು ಕೇಳಿದ. ಬೆಳಗಿನ ಬಿರುಸಿಗೆ ಅವನ ದನಿಯಲ್ಲಿ ಇನ್ನೂ ಮುನಿಸಿತ್ತು. ಒಂದೂವರೆ ಕಿಲೋದ್ದು, ಫ್ಯಾನು ಇದ್ದದ್ದು ಎಂದಳು. ಅವನಿಗೆ ನಂಬಿಕೆ ಬರಲಿಲ್ಲ. ಮತ್ತ ನಿಮ್ಮ ಕುತ್ತಿಗಿ ನೋವು ಅಂತಿದ್ದರಲ್ಲರಿ ಎಂದ. ಹಸೀಬಾ ಎದುರಿಗೆ ಕೂತ ಲಾಲಬೀಯನ್ನು ನೋಡಿದಳು.

“ಕುತ್ತಿಗಿ ನೋವು ಲ್ಯಾಪ್‌ಟಾಪಿನಿಂದ ಅಲ್ರಿ” ಎಂದು ಫೋನು ಇಟ್ಟಳು.

ಹೊರಗೆ ತೌಸೀಫ ಯಾರಿಗೋ ಗಾದಿಯ ಅಳತೆ ಹೇಳುತ್ತಿದ್ದ. ಲಾಲಬೀ ಕೊರಳಿನ ಟೇಪು ತೆಗೆದು ಸುತ್ತಿಟ್ಟಳು. ಮತ್ತ ಯಾತರಿಂದ ಎಂದು ಕೇಳಿದಳು. ಹಸೀಬಾ ಒಳಕೋಣೆಯ ಕಡೆ ನೋಡಿದಳು. ಮಂಚದ ಮೇಲೆ ಜೋಡಿ ತಲೆದಿಂಬುಗಳಿದ್ದವು, ಮದುವೆಗೆಂದು ಲಾಲಬೀ ಕೈಯಾರೆ ತುಂಬಿದ್ದು, ಹೊಸ ಸೊಸೆಗೆ ಕಡಿಮೆ ಮಾಡಿದಳು ಎನ್ನಬಾರದೆಂದು ಬಡಿದು ಬಡಿದು ತುಂಬಿದ್ದು. ಆರು ತಿಂಗಳ ಹಿಂದೆ, ಇಳಿದುಹೋಗಿವೆ ಎಂದು ಮತ್ತೆ ಬಿಚ್ಚಿ ಇನ್ನಷ್ಟು ತುಂಬಿ ತಂದಿಟ್ಟಿದ್ದಳು. ಅವುಗಳ ಮೇಲೆ ತಲೆಯಿಟ್ಟರೆ ಕೂತೇ ಮಲಗಿದ ಹಾಗೆ.

ಲಾಲಬೀ ಆ ನೋಟದ ಹಿಂದೆಯೇ ಎದ್ದು ಹೋದಳು. ಸೊಸೆಯ ಕಡೆಯ ತಲೆದಿಂಬನ್ನು ತಂದು ತೊಡೆಯ ಮೇಲೆ ಹಾಕಿಕೊಂಡಳು, ಅಂಗೈಯಿಂದ ಒತ್ತಿ ನೋಡಿದಳು. ಅದು ತಗ್ಗಲಿಲ್ಲ. ಕತ್ತರಿ ತೆಗೆದುಕೊಂಡು ತಾನೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿ, ಬಾಯಿ ಅಗಲಿಸಿ, ಮೊಣಕೈವರೆಗೆ ಕೈ ಒಳಗೆ ಹಾಕಿದಳು.

“ಹೇಳು, ಎಷ್ಟು ತಗೀಲಿ?”

ಒಂದೀಟು ತಗೀರಿ ಸಾಕು ಎನ್ನಲು ಹಸೀಬಾ ಬಾಯಿ ತೆರೆದಿದ್ದಳು. ಮುಚ್ಚಿದಳು. ಮತ್ತೆ ತೆರೆದಳು.

“ಅರ್ಧ ತಗೀರಿ” ಎಂದಳು.

ಲಾಲಬೀ ತಲೆಯೆತ್ತಿ ಅವಳನ್ನು ಒಮ್ಮೆ ನೋಡಿದಳು. ಆಮೇಲೆ ಇನ್ನೊಂದು ಕೈಯನ್ನೂ ಒಳಗೆ ಹಾಕಿದಳು.